ರಾತ್ರಿಪಾಳಿ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ನನ್ನ ವಯಸ್ಸಿನವರದೆಲ್ಲ ಒಂದೇ ಗೋಳು: ರಾತ್ರಿ ನಿದ್ದೆ ಬಾರದು, ಮಾತಾಡೋಣವೆಂದರೆ ಯಾರೂ ಎದ್ದಿರುವುದಿಲ್ಲ. ಡಲ್ಲಾಸಿನ ಮಗಳ ಮನೆಯಲ್ಲಿ ನನಗೆ ಆ ತಾಪತ್ರಯ ಬರಲಿಲ್ಲ. ಮೊಮ್ಮಗಳು ಸಾಕಿದ ಎರಡು ಶುಗರ್ ಗ್ಲೈಡರ್‌ಗಳಿಗೆ ಕತ್ತಲಾದ ಮೇಲೆಯೇ ಬೆಳಗಾಗುವುದು.

ಆಸ್ಟ್ರೇಲಿಯಾ ಮೂಲದ ಪ್ರಾಣಿ. ನೋಡಲು ಅಳಿಲು, ಬಳಗವೆಲ್ಲ ಕಾಂಗರೂ ಕಡೆಯದು. "ಒಂದು ಸಾಕಾಗಿತ್ತಲ್ಲೇ" ಅಂದೆ. "ಒಂಟಿಯಾದ್ರೆ ಕೊರಗಿ ತನ್ನ ಮೈ ತಾನೇ ಕಚ್ಕೊಳ್ಳುತ್ತೆ ಅಜ್ಜಿ" ಅಂದಳು. ಗಂಡಿನ ನೆತ್ತಿಯಲ್ಲಿ ಬೋಳು ಮಚ್ಚೆಯಿದೆ. ಅದು ವಾಸನೆಯ ಗ್ರಂಥಿ. ಉಜ್ಜಿ ಉಜ್ಜಿ ತನ್ನವರಿಗೆಲ್ಲ ಗುರುತು ಹಾಕುತ್ತದೆ. ನಮ್ಮ ಯಜಮಾನರ ನೆತ್ತಿಯೂ ಬೋಳೇ, ಅದರಿಂದ ಇಂದಿನವರೆಗೆ ಯಾರಿಗೂ ಉಪಯೋಗವಾಗಿಲ್ಲ.

ಕಾಡಿನಲ್ಲಿ ಮರದ ಅಂಟು, ಮಕರಂದ, ಹುಳುಹುಪ್ಪಟೆ ತಿಂದುಕೊಂಡಿರುವ ಜೀವಕ್ಕೆ ಇಲ್ಲಿ ಎಲ್ಲವೂ ಅಳತೆ ಚಮಚದಲ್ಲಿ. ಕ್ಯಾಲ್ಸಿಯಂ ಕಡಿಮೆಯಾದರೆ ಮೂಳೆ ಸವೆದು ಹಿಂಗಾಲು ಬಿದ್ದುಹೋಗುತ್ತದೆಂದು ಪುಡಿ ಉದುರಿಸುತ್ತಾರೆ. ನೆನಪಿಗೆ ಫ್ರಿಜ್ಜಿನ ಬಾಗಿಲಿಗೆ ಚೀಟಿ ಬೇರೆ. ನನ್ನ ಮಂಡಿಯ ಕ್ಯಾಲ್ಸಿಯಂ ಮಾತ್ರೆಗೆ ಚೀಟಿಯಿಲ್ಲ. ಅದೇ ಫ್ರಿಜ್ಜಿನೊಳಗೆ, ಮೊಸರಿನ ಪಕ್ಕದ ಡಬ್ಬಿಯಲ್ಲಿ, ಜೀವಂತ ಹುಳುಗಳು. ಅಂದಿನಿಂದ ನಾನು ಮಜ್ಜಿಗೆ ಬಿಟ್ಟೆ.

ಮುಂಗಾಲಿನಿಂದ ಹಿಂಗಾಲಿನವರೆಗೆ ಚರ್ಮದ ಪೊರೆ. ಕೈಕಾಲು ಚಾಚಿ 50 ಮೀಟರ್ ತೇಲಬಲ್ಲ ಪ್ರಾಣಿಗೆ ಪರದೆ ಕಂಬಿಯಿಂದ ನನ್ನ ತುರುಬು ಯಾವ ದೂರ! ಬಂದು ಕೂತ ಮೇಲೆ ಉಚ್ಚೆ ಹೊಯ್ಯುವುದೂ ಅಲ್ಲೇ. ಹೊರಗೆ ಹೋಗು ಅಂತ ಇವಕ್ಕೆ ಕಲಿಸಲು ಬರುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ 10-12 ವರ್ಷ ಬಾಳುತ್ತವೆ. ಮೊಮ್ಮಗಳು ಅಷ್ಟರೊಳಗೆ ಕಾಲೇಜು ಸೇರಿ ಊರು ಬಿಟ್ಟಿರುತ್ತಾಳೆ. ಮಗಳಿಗೆ ಈ ಲೆಕ್ಕ ಗೊತ್ತು, ಅಳಿಯನಿಗೆ ಇನ್ನೂ ಹೇಳಿಲ್ಲ.

ಪಳಗಿಸುವುದಕ್ಕೆ, ಹಗಲು ಮಲಗಿದ್ದಾಗ ಬಟ್ಟೆಚೀಲದಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳಬೇಕು. ನಮ್ಮ ಮೈವಾಸನೆ ಅವಕ್ಕೆ ರೂಢಿಯಾಗಬೇಕು. ಮನೆಯಲ್ಲಿ ಬಿಡುವಾಗಿರುವವಳು ನಾನೊಬ್ಬಳೇ ಆದ್ದರಿಂದ ಸತ್ಯನಾರಾಯಣ ಪೂಜೆಯ ದಿನವೂ ಚೀಲ ನನ್ನ ಸೆರಗಿನೊಳಗಿತ್ತು. ಪುರೋಹಿತರು ಮಂಗಳಾರತಿಗೆ ಗಂಟೆ ಬಾರಿಸಿದ್ದೇ ತಡ, ಬೆಚ್ಚಿದ ಜೋಡಿ ಒಳಗಿನಿಂದ ಮಿಕ್ಸಿಗೆ ಕಲ್ಲು ಸಿಕ್ಕಿದ ಹಾಗೆ ಕರಕರ ಅರಚಿತು. ಪುರೋಹಿತರ ಗಂಟೆ ನಿಂತಿತು. ನೆರೆದವರೆಲ್ಲ ನನ್ನ ಹೊಟ್ಟೆಯನ್ನೇ ನೋಡಿದರು.

ಮಗಳು ನಗುಮುಖದಲ್ಲೇ ಹೇಳಿದಳು: "ಅಮ್ಮಂಗೆ ಸ್ವಲ್ಪ ಗ್ಯಾಸ್ಟ್ರಿಕ್ಕು."