ಬಿಡಿಸಿ ಬರೆಯಿರಿ: ಕಿರುಬೆರಳು ಸಂಧಿ ಮೀಮಾಂಸೆ

ಕೇಶಿರಾಜನು 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ಸೂತ್ರ, ವೃತ್ತಿ, ಪ್ರಯೋಗಗಳ ಕ್ರಮದಲ್ಲಿ ರಚಿಸಿ, ಅಕ್ಷರಕ್ಕೂ ಅಕ್ಷರಕ್ಕೂ ಆಗುವ ಸಂಧಿಯನ್ನು ವಿವರಿಸಿದ್ದಾನೆ. ಆದರೆ ಜೂನ್ ತಿಂಗಳ ಬೆಳಗ್ಗೆ ಎಲ್‌ಕೆಜಿ ಗೇಟಿನೆದುರು ಅಪ್ಪನ ಕಿರುಬೆರಳಿಗೂ ಮಗುವಿನ ಮುಷ್ಟಿಗೂ ಬೀಳುವ ಸಂಧಿಯನ್ನು ಬಿಡಿಸುವ ಬಗೆಯನ್ನು ಆ ಮಹಾನುಭಾವ ಹೇಳಿಲ್ಲ. ಪ್ರಸ್ತುತ ಪ್ರಬಂಧ ಆ ಕೊರತೆಯನ್ನು ತುಂಬಲು ಹೊರಟಿದೆ.

ಮೊದಲು ಶಿಶುಲಕ್ಷಣ. ಇರುವೆಸಾಲು ದಾಟಲಾರದೆ ನಿಂತುಬಿಡುವುದು, ಹರಿದ ದೋಸೆಯನ್ನು ‘ನೋವಾಯ್ತಾ?’ ಎಂದು ವಿಚಾರಿಸುವುದು, ಪಕ್ಕದ ಮಗು ಬಿದ್ದರೆ ತಾನು ಅಳುವುದು ಮೃದುಹೃದಯಿಯ ಗುರುತು. ಪಿತೃಲಕ್ಷಣ ಇನ್ನೂ ಸುಲಭ: ಮಗುವನ್ನು ಒಳಗೆ ಕಳಿಸಿದ ಮೇಲೂ ಗಾಡಿಯ ಮರೆಯಲ್ಲಿ ನಿಂತು, ಬಾಯಾರಿಕೆಯಿಲ್ಲದೆ ಎಳನೀರು ಕುಡಿಯುತ್ತಿರುವವನೇ ತಂದೆ.

ಇನ್ನು ಸಂಧಿಭೇದಗಳು. ಮಗು ಜಾರುಬಂಡೆ ನೋಡುತ್ತಿರುವಾಗ ಅಪ್ಪ ಸದ್ದಿಲ್ಲದೆ ಮಾಯವಾದರೆ ಅದು ಲೋಪ. ಇದರಿಂದ ಮಗು ಕಲಿಯುವುದು ಒಂದೇ, ಇನ್ನೆಂದೂ ಜಾರುಬಂಡೆಯ ಕಡೆ ನೋಡಬಾರದು. ನಡುವೆ ಅಜ್ಜಿ ಬಿಸ್ಕತ್ತು ಹಿಡಿದು ಬಂದು ನಿಂತರೆ ಆಗಮ. ಅಪ್ಪನ ಬೆರಳಿದ್ದ ಜಾಗಕ್ಕೆ ಮಿಸ್ಸಿನ ಬೆರಳು ಬಂದರೆ ಆದೇಶ, ಶಾಸ್ತ್ರಸಮ್ಮತ ಇದೊಂದೇ. ಆದರೆ ಮಿಸ್ ಕೈಚಾಚಿದಾಗ ಮಗುವಿನ ಮುಷ್ಟಿ ಸಡಿಲಾಗಿ, ಅಪ್ಪನ ಬೆರಳೇ ಬಿಗಿಯಾಗುವುದುಂಟು. ಏನೂ ಆಗದೆ ಇದ್ದದ್ದು ಇದ್ದಂತೆಯೇ ಉಳಿಯುವ ಈ ಸ್ಥಿತಿಯನ್ನು ವೈಯಾಕರಣರು ಪ್ರಕೃತಿಭಾವ ಎನ್ನುತ್ತಾರೆ. ವಾಚ್‌ಮನ್ ‘ಸಾರ್, ಸೈಡಿಗೆ ಬನ್ನಿ’ ಎನ್ನುತ್ತಾನೆ.

ಪಾಶ್ಚಾತ್ಯರಲ್ಲೂ ಈ ಜಿಜ್ಞಾಸೆ ನಡೆದಿದೆ. ಮೇರಿ ಐನ್ಸ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞೆ ಅಮೆರಿಕದ ಬಾಲ್ಟಿಮೋರಿನಲ್ಲಿ ಒಂದು ವರ್ಷದ ಆಸುಪಾಸಿನ ಕೂಸುಗಳನ್ನು ಆಟಿಕೆ ತುಂಬಿದ ಅಪರಿಚಿತ ಕೋಣೆಯಲ್ಲಿ ಬಿಟ್ಟು, ತಾಯಿಯನ್ನು ಎರಡು ಸಲ ಹೊರಗೆ ಕಳಿಸಿ ನೋಡಿದಳು. ಅವಳೂ ಸಂಗಡಿಗರೂ 1978ರಲ್ಲಿ ತಂದ ಗ್ರಂಥದಲ್ಲಿ ಇದರ ವಿವರಗಳಿವೆ. ಅಗಲಿಕೆಯ ಪ್ರತಿ ಹಂತದ ಅವಧಿ ಹೆಚ್ಚೆಂದರೆ ಸುಮಾರು ಮೂರು ನಿಮಿಷ. ಕೂಸು ತೀರಾ ಅತ್ತರೆ ಅಷ್ಟೂ ಇಲ್ಲ. ತಾಯಿ ಹೋದಾಗ ಎಷ್ಟು ಅತ್ತಿತು ಎನ್ನುವುದಕ್ಕಿಂತ, ಮರಳಿ ಬಂದಾಗ ಅವಳನ್ನು ಹೇಗೆ ಸೇರಿಕೊಂಡಿತು ಎಂಬುದರ ಮೇಲೆಯೇ ಐನ್ಸ್‌ವರ್ತಳ ಕಣ್ಣು. ನಮ್ಮ ಅಪ್ಪಂದಿರು ಗ್ರಂಥದ ಈ ಭಾಗವನ್ನು ಓದಿದಂತಿಲ್ಲ. ಮಧ್ಯಾಹ್ನ ಮಗು ನಗುತ್ತಾ ಓಡಿಬಂದರೆ ಮೊದಲು ಕೇಳುವುದು, ‘ಬೆಳಗ್ಗೆ ತುಂಬಾ ಅತ್ತ್ಯಾ?’

ಮೃದುಹೃದಯಿಗಳ ಮನೆಯಲ್ಲಿ ಗೋವಿನ ಹಾಡಿಗೆ ಪಾಠಾಂತರಗಳು ಹುಟ್ಟುವ ಬಗೆಯಂತೂ ಪ್ರತ್ಯೇಕ ಸಂಪುಟವನ್ನೇ ಬೇಡುತ್ತದೆ. ಮೂಲದಲ್ಲಿ ಪುಣ್ಯಕೋಟಿ ಕರುವಿಗೆ ಹಾಲೂಡಿಸಿ, ಕೊಟ್ಟ ಮಾತಿನಂತೆ ಹುಲಿಯ ಬಳಿಗೆ ಮರಳುತ್ತಾಳೆ. ಹುಲಿ ಮನಕರಗಿ ಪ್ರಾಣ ಬಿಡುತ್ತದೆ. ಮನೆಯ ‘ಕ’ ಪ್ರತಿಯಲ್ಲಿ ಅದು ಪ್ರಾಣ ಬಿಡದೆ ಎದ್ದು ಗುಹೆಗೆ ಹೋಗುತ್ತದೆ. ‘ಖ’ ಪ್ರತಿಯಲ್ಲಿ ಮನಸ್ಸು ಬದಲಿಸಿ ಉಪ್ಪಿಟ್ಟು ತಿನ್ನುತ್ತದೆ. ‘ಗ’ ಪ್ರತಿಯಲ್ಲಿ ಹುಲಿಯೇ ಇಲ್ಲ. ಹಸು ಕಾಡಿನಲ್ಲಿ ವಾಕಿಂಗ್ ಮುಗಿಸಿ ಮನೆಗೆ ಬರುತ್ತದೆ. ಮೂರರ ಲಿಪಿಕಾರನೂ ಒಬ್ಬನೇ, ಅಪ್ಪ.

ಒಂದು ರಾತ್ರಿ ಅಜ್ಜಿ ಮೂಲಪಾಠವನ್ನೇ ಪೂರ್ತಿ ಹಾಡಿಬಿಟ್ಟರು. ಮಗು ಬಿಕ್ಕಿತು. ಲಿಪಿಕಾರ ಓಡಿಬಂದ.

‘ಹಸುಗೇನೂ ಆಗಲ್ಲ ಪುಟ್ಟಾ.’

‘ಹಸುಗಲ್ಲಪ್ಪಾ, ಹುಲೀಗೆ. ಅದಕ್ಕೆ ಹಸಿವಾಗಿತ್ತು ಪಾಪ, ಯಾರೂ ಏನೂ ಕೊಡ್ಲೇ ಇಲ್ಲ.’

ಅತ್ತು ಮುಗಿಸಿ, ‘ನಾಳೆನೂ ಇದೇ ಹಾಡು ಅಜ್ಜೀ’ ಎಂದು ತಾಕೀತು ಮಾಡಿ ಮಗು ಮಲಗಿತು. ಲಿಪಿಕಾರನಿಗೆ ನಿದ್ದೆ ಹತ್ತಲಿಲ್ಲ. ‘ಅಳೋದು ಅದಕ್ಕೆ ಬರತ್ತೆ ಕಣೋ, ನೋಡೋದು ನಿನಗೆ ಬರಲ್ಲ’ ಎಂಬ ಅಜ್ಜಿಯ ಭಾಷ್ಯಕ್ಕೆ ಈವರೆಗೆ ಯಾವ ವಿದ್ವಾಂಸನೂ ಖಂಡನೆ ಬರೆದಿಲ್ಲ.

ಕೊನೆಯ ಪ್ರಯೋಗ ಭಾದ್ರಪದದ್ದು. ಮಣ್ಣಿನ ಗಣಪತಿಯನ್ನು ಮನೆಯಲ್ಲೇ ಬಕೆಟ್ಟಿನಲ್ಲಿ ಬಿಡುವ ರೂಢಿ ಬಂದ ಮೇಲೆ ವಿಸರ್ಜನೆ ಮಗುವಿನ ಮೂಗಿನ ಕೆಳಗೇ ನಡೆಯುತ್ತದೆ. ಹೋದ ವರ್ಷದ ರಂಪ ನೆನಪಿದ್ದುದರಿಂದ ಅಪ್ಪ ಪೂರ್ವಸಿದ್ಧತೆ ಮಾಡಿಕೊಂಡಿದ್ದ. ಗಣಪನಿಗೆ ಶೀತವಾಗದಂತೆ ಗೀಸರ್ ಹಾಕಿ ನೀರನ್ನು ಉಗುರುಬೆಚ್ಚಗೆ ಮಾಡಿದ್ದ. ‘ಅವನು ಸ್ನಾನಕ್ಕೆ ಹೋಗ್ತಿದಾನೆ ಅಷ್ಟೇ’ ಎಂಬ ‘ಘ’ ಪ್ರತಿಯೂ ತಯಾರಿತ್ತು. ಆರತಿಯಾಯಿತು. ಅಜ್ಜಿ ದಾರಿಬುತ್ತಿಗೆಂದು ಮೊಸರವಲಕ್ಕಿ ಕಟ್ಟಿಕೊಟ್ಟರು. ಮಗು ಗಣಪನ ಕಿವಿಯಲ್ಲಿ, ‘ಗೌರಮ್ಮನೂ ಜೊತೇಲೇ ಬರ್ತಾಳೆ, ಅಳಬೇಡ’ ಎಂದು ಹೇಳಿ, ತಾನೇ ಎತ್ತಿ ಮುಳುಗಿಸಿತು. ಕಣ್ಣೊರೆಸಿಕೊಂಡಿತು. ಮಿಕ್ಕ ಮೊಸರವಲಕ್ಕಿ ತಿನ್ನಲು ಅಡುಗೆಮನೆಗೆ ಹೋಯಿತು.

ಆ ಮಣ್ಣುನೀರನ್ನು ತುಳಸಿಕಟ್ಟೆಗೆ ಹಾಕುವುದು ವಿಧಿ. ಅಪ್ಪ ಇನ್ನೂ ಹಾಕಿಲ್ಲ. ಮೂಷಿಕ ಪೂರ್ತಿ ಕರಗಿಲ್ಲವೆಂದು ಅವನ ವಾದ. ಮೂಷಿಕ ಕರಗಿ ಎಷ್ಟೋ ಕಾಲವಾಯಿತು, ಬಟ್ಟೆ ನೆನೆಹಾಕಲು ಬಕೆಟ್ಟಿಲ್ಲ ಎಂದು ಮನೆಯಾಕೆಯ ಆಕ್ಷೇಪ. ಸಮಾಧಾನ ಎರಡನೆಯ ಸಂಪುಟದಲ್ಲಿ.