ಮಂಗಳಕ್ಕೆ ಹೋಗುವ ಮುನ್ನ ನವಿ ಪೇಠ

ಮಂಗಳಗ್ರಹದ ವಸಾಹತಿನ ಪ್ರೇಮಕಥೆ ಬರೆಯುವವರಿಗೆ ನನ್ನದೊಂದು ಸಲಹೆ: ನಾಯಕಿಯನ್ನು ರಾಕೆಟ್ ಹತ್ತಿಸುವ ಮೊದಲು ಸೊಲ್ಲಾಪುರದ ನವಿ ಪೇಠಕ್ಕೆ ಕರೆತನ್ನಿ. ಕೈಗೆ ಲೇಸರ್ ಬಂದೂಕು ಕೊಟ್ಟೊಡನೆ ಆಕೆ ಗಟ್ಟಿಗಿತ್ತಿಯಾದಳು ಎಂದುಕೊಳ್ಳುವ ಲೇಖಕರು ದೀಪಾವಳಿ ಮುಂದೆ ಇಲ್ಲಿನ ಸೀರೆಯಂಗಡಿಯಲ್ಲಿ ಅರ್ಧ ತಾಸು ಕೂತರೆ ಸಾಕು.

“ಎಷ್ಟಕ್ಕ ಕೊಡ್ತೀರಿ ಅಣ್ಣಾರ?”

“ನಿಮಗಂತ ಹನ್ನೆರಡುನೂರು, ವೈನಿ.”

“ನನಗಂತ ಹೆಚ್ಚು ಮಾಡಬ್ಯಾಡ್ರಿ, ಎಲ್ಲಾರಿಗೂ ಕೊಡೋ ರೇಟಿಗೇ ಕೊಡ್ರಿ!”

ಅದನ್ನೇ ಆ ವೈನಿ ಮರಾಠಿಯಲ್ಲೂ ಒಮ್ಮೆ ಅಂದು, ಪಕ್ಕದಂಗಡಿಯತ್ತ ಎರಡು ಹೆಜ್ಜೆ ಹಾಕುತ್ತಾಳೆ. ಬೆಲೆ ಇಳಿಯುತ್ತದೆ. ಬಂದೂಕು ಬೇಕಾಗಲೇ ಇಲ್ಲ.

ಬಾಹ್ಯಾಕಾಶಕ್ಕೂ ಹೆಣ್ಣು ಹೊಸಬಳಲ್ಲ: 1963ರಲ್ಲಿ ವ್ಯಾಲೆಂಟಿನಾ ತೆರೆಷ್ಕೋವಾ ಒಬ್ಬಳೇ ಭೂಮಿಗೆ 48 ಸುತ್ತು ಹಾಕಿ ಬಂದಳು. 1983ರಲ್ಲಿ ಸ್ಯಾಲಿ ರೈಡ್ ಒಂದು ವಾರಕ್ಕೆ ಹೊರಟಾಗ ನಾಸಾದ ಎಂಜಿನಿಯರುಗಳು, ಮುಟ್ಟಿಗೆ ನೂರು ಟ್ಯಾಂಪನ್ ಸಾಕೇ ಎಂದು ಕೇಳಿದರಂತೆ. ರಾಕೆಟ್ಟಿನ ಲೆಕ್ಕ ಬಲ್ಲ ಗಂಡಸರಿಗೆ ಮನೆಯ ಹೆಣ್ಣುಮಕ್ಕಳನ್ನು ಕೇಳೋಣ ಅನಿಸಿರಲಿಲ್ಲ!

ಇನ್ನು ಕಥೆಗೆ ಬಂದರೆ, ಭೂಮಿಯ ಮಾತು ಮಂಗಳ ಮುಟ್ಟಲು 3ರಿಂದ 22 ನಿಮಿಷ ಬೇಕು. ನಾಯಕ ಇಲ್ಲಿ ಕೂತು ‘ನೀನಿಲ್ಲದೆ ನಾನಿಲ್ಲ’ ಅಂದದ್ದು ತಲುಪುವಷ್ಟರಲ್ಲಿ ಆಕೆ ಆಮ್ಲಜನಕದ ಪೈಪು ರಿಪೇರಿ ಮುಗಿಸಿ, ಕಡಕ್ ರೊಟ್ಟಿ ಮುರಿದು ಶೇಂಗಾ ಚಟ್ನಿಯ ಜೊತೆ ಕೂತಿರುತ್ತಾಳೆ. (ಹಾದಿಯಲ್ಲಿ ಮಾತ್ರ ರೊಟ್ಟಿ ಬೇಡ, ತೂಕವಿಲ್ಲದ ಕಡೆ ಪುಡಿ ತೇಲಿ ಯಂತ್ರದೊಳಗೆ ಹೊಗುತ್ತದೆ. ಮಂಗಳದಲ್ಲಿ ಅಡ್ಡಿಯಿಲ್ಲ, ಅಲ್ಲಿ ಭೂಮಿಯ ಶೇ. 38ರಷ್ಟು ಗುರುತ್ವವಿದೆ.)

ಇಂಥವಳನ್ನು ಕೊನೆಯ ಪುಟದಲ್ಲಿ ಮೂರ್ಛೆ ಬೀಳಿಸಿ ನಾಯಕನ ತೋಳಿಗೆ ಹಾಕಬೇಡಿ, ಮಾರಾಯರೇ. ಬೇಕಿದ್ದರೆ ಅವನೇ ಬೀಳಲಿ.