ಪ್ಲಗ್ ಪಂಡಿತರು

ಅತ್ತಿಗುಪ್ಪೆಯ ನಮ್ಮ ಅಡ್ಡರಸ್ತೆಯಲ್ಲಿ ಬೆಳಗಿನ ಹೊತ್ತು ಯಾರಾದರೂ ಗಾಡಿಯ ಕಿಕ್ಕರ್ ಒದೆಯುತ್ತಿದ್ದರೆ ಮೊದಲ ಮೂರು ಒದೆತಕ್ಕೆ ಯಾರೂ ತಲೆ ಎತ್ತುವುದಿಲ್ಲ. ನಾಲ್ಕನೆಯದಕ್ಕೆ ಎದುರು ಮನೆಯ ನಾಯಿ ಕಿವಿ ನಿಮಿರಿಸುತ್ತದೆ. ಆರನೆಯದಕ್ಕೆ ಮೂಲೆ ಮನೆಯ ಗೇಟು ಕಿರ್ರೆನ್ನುತ್ತದೆ. ಏಳನೆಯದಕ್ಕೆ ನೀವು ಕಾಲೆತ್ತುವಷ್ಟರಲ್ಲಿ ಚೌಕುಳಿ ಲುಂಗಿ, ತೋಳಿಲ್ಲದ ಬನಿಯನ್ನು, ಕೈಯಲ್ಲಿ ಅರ್ಧ ಲೋಟ ಕಾಫಿಯ ಸಮೇತ ಪ್ಲಗ್ ಪಂಡಿತರು ನಿಮ್ಮ ಪಕ್ಕದಲ್ಲಿ ನಿಂತಿರುತ್ತಾರೆ. ಅವರನ್ನು ಯಾರೂ ಕರೆದಿರುವುದಿಲ್ಲ. ನೋವಿನ ಸದ್ದು ಕೇಳಿಸಿದ ಮೇಲೆ ಸೂಲಗಿತ್ತಿಗೆ ಬೇರೆ ಕರೆಯೋಲೆ ಬೇಕೆ?

"ಏನಪ್ಪಾ, ಪೆಟ್ರೋಲ್ ಇದ್ಯಾ?"

ಇಪ್ಪತ್ತೈದು ವರ್ಷ ಗಾಡಿ ಓಡಿಸಿದವನಿಗೆ ಇದು ಮೈ ಉರಿಯುವ ಪ್ರಶ್ನೆ. ಆದರೆ ಹಿರಿಯರು. "ಇದೆ ಸಾರ್, ನಿನ್ನೆ ತಾನೇ ಹಾಕಿಸಿದ್ದು" ಎನ್ನುತ್ತೀರಿ.

"ಹಾಗಾದ್ರೆ ಕರೆಂಟೇ."

ಈ ಕರೆಂಟು ಬೆಸ್ಕಾಂನವರದಲ್ಲ. ಗ್ಯಾರೇಜಿನ ಕನ್ನಡದಲ್ಲಿ ಪ್ಲಗ್ಗಿನ ತುದಿಯಲ್ಲಿ ಹಾರುವ ಕಿಡಿಗೆ ಕರೆಂಟು ಎಂದು ಹೆಸರು. ಆಯುರ್ವೇದಕ್ಕೆ ವಾತ, ಪಿತ್ತ, ಕಫ ಹೇಗೋ ಪಂಡಿತರಿಗೆ ಕರೆಂಟು, ಪೆಟ್ರೋಲು, ಕಂಪ್ರೆಶನ್ನು ಹಾಗೆ. ನಿಂತ ಗಾಡಿಗಿರುವುದು ಈ ಮೂರೇ ದೋಷ, ನಾಲ್ಕನೆಯದಿಲ್ಲ. ನಿಜ ಹೇಳಬೇಕೆಂದರೆ ಈ ಸಿದ್ಧಾಂತದಲ್ಲಿ ಯಾವ ತಪ್ಪೂ ಇಲ್ಲ. ಜಗತ್ತಿನ ಯಾವ ಮೆಕ್ಯಾನಿಕ್ಕನ್ನು ಕೇಳಿದರೂ ಇದನ್ನೇ ಹೇಳಿಯಾನು. ಪಂಡಿತರು ಮಾತ್ರ ಮೆಕ್ಯಾನಿಕ್ ಅಲ್ಲ. ಸಾರ್ವಜನಿಕ ರಂಗದ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕೂತು ನಿವೃತ್ತರಾದವರು. ಅಲ್ಲಿ ಬೇರೆಯವರ ತಪ್ಪು ಹುಡುಕುವುದೇ ಕೆಲಸವಾಗಿತ್ತು. ಆ ಅಭ್ಯಾಸವನ್ನು ಈಗ ರಸ್ತೆಗೆ ತಂದಿದ್ದಾರೆ, ಅಷ್ಟೆ.

ಅವರ ಕೈಗೆ ನಾನು ಸಿಕ್ಕಿದ್ದು ಯೆಜ್ಡಿಯಿಂದ. ಅಪ್ಪ ಬಿಟ್ಟುಹೋದ ಆಸ್ತಿಯಲ್ಲಿ ನನ್ನ ಅಣ್ಣನಿಗೆ ಸೈಟು ಬಂತು, ನನಗೆ 1986ರ ಯೆಜ್ಡಿ ಬಂತು. ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ ಗಾಡಿ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೆ ಇಂಥ ಗಾಡಿಗಳಿಗೆ ತವರುಮನೆ ಇಲ್ಲ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವರೇ ಸೋದರಮಾವಂದಿರು. ಕಿಕ್ಕರನ್ನು ಒಳಕ್ಕೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರಾಗುತ್ತದೆ ಎಂಬುದು ಇಂದಿನ ಹುಡುಗರಿಗೆ ಪವಾಡ. ನನ್ನ ಮೊಣಕಾಲಿಗೆ ಅದು ಬೇರೆಯೇ ಅನುಭವ.

ಅದೊಂದು ಭಾನುವಾರ. ಇಪ್ಪತ್ತು ಒದೆತವಾಗಿತ್ತು. ಪಂಡಿತರು ಲುಂಗಿಯ ಮಡಿಕೆಯಿಂದ ಪ್ಲಗ್ ಸ್ಪ್ಯಾನರ್ ತೆಗೆದರು. ಬೇರೆಯವರು ಅಲ್ಲಿ ಎಲೆ ಅಡಿಕೆ ಇಡುತ್ತಾರೆ.

"ಮೊದ್ಲು ನಾಲಿಗೆ ನೋಡೋಣ."

ಪ್ಲಗ್ಗೆಂದರೆ ಎಂಜಿನ್ನಿನ ನಾಲಿಗೆ. ಕರೀ ಮಸಿ ಹಿಡಿದಿದ್ದರೆ ಪೆಟ್ರೋಲು ಅತಿಯಾಗಿದೆ ಎಂದರ್ಥ. ಸುಣ್ಣದ ಹಾಗೆ ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಎಂಜಿನ್ನಿಗೆ ಜ್ವರ. ಫಿಲ್ಟರ್ ಕಾಫಿಯ ಬಣ್ಣವಿದ್ದರೆ ಆರೋಗ್ಯ. ಇದನ್ನು ಹೇಳುವಾಗ ಪಂಡಿತರು ತಮ್ಮ ಲೋಟವನ್ನು ಪ್ಲಗ್ಗಿನ ಪಕ್ಕ ಹಿಡಿದು ಹೋಲಿಸಿ ತೋರಿಸುತ್ತಾರೆ, ಆಮೇಲೆ ಅದೇ ಕಾಫಿಯನ್ನು ಕುಡಿಯುತ್ತಾರೆ. ಇನ್ನೊಂದು ಸೂತ್ರವೂ ಉಂಟು: ಒದ್ದೂ ಒದ್ದೂ ಸಾಕಾದ ಮೇಲೆ ಪ್ಲಗ್ಗು ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಕರೆಂಟು ನೋಡು. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ.

ನನ್ನ ಪ್ಲಗ್ಗು ಬೇಸಿಗೆಯ ಬಿಸಿಲಿಗಿಟ್ಟ ಹಪ್ಪಳದಷ್ಟು ಒಣಗಿತ್ತು.

ಪಂಡಿತರು ಅದನ್ನು ಎರಡು ಸಲ ತಿರುಗಿಸಿ ನೋಡಿ, "ಒಣಗಿದೆ. ಆದ್ರೂ ಕರೆಂಟ್ ನೋಡ್ಬಿಡೋಣ" ಎಂದರು. ನಾನು ಆ 'ಆದ್ರೂ' ಎಂಬ ಪದವನ್ನು ಹಿಡಿದು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ, ಒಂದೂವರೆ ಗಂಟೆ ಹೋಯಿತು.

ಕರೆಂಟು ನೋಡುವುದೆಂದರೆ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಅದರ ಮೈಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ, ಕಿಕ್ಕರ್ ಒದ್ದು, ಕಿಡಿ ಹಾರುತ್ತದೆಯೇ ಎಂದು ಕಣ್ಣಿಟ್ಟು ನೋಡುವುದು. ನೀಲಿ ಕಿಡಿ ಚಟ್ ಎಂದರೆ ಸರಿ. ಹಳದಿಯಾಗಿ ಸಣಕಲಾಗಿದ್ದರೆ ಕಾಮಾಲೆ. ಹಿಡಿಯುವವರು ಯಾರು? ಪೇಪರ್ ಹುಡುಗ. "ಹೆದರ್ಬೇಡ ಕಣೋ, ವೋಲ್ಟೇಜ್ ಸಾವಿರಗಟ್ಟಲೆ, ಆದ್ರೆ ಆಂಪಿಯರ್ ಇಲ್ಲ" ಎಂದು ಪಂಡಿತರು ಧೈರ್ಯ ತುಂಬಿದರು. ನಾನು ಒದ್ದೆ. ಹುಡುಗ "ಅವ್ವಾ" ಎಂದು ಎರಡಡಿ ಹಾರಿದ. "ನೋಡು, ಕರೆಂಟ್ ಇದೆ" ಎಂದರು ಪಂಡಿತರು. "ಆದ್ರೆ ವೀಕು."

ಬಿಸಿಲಿನಲ್ಲಿ ಕಿಡಿ ಕಾಣುವುದಿಲ್ಲವಾದ್ದರಿಂದ ನಾವು ಐದಾರು ಜನ ಸುತ್ತ ಕುಕ್ಕರುಗಾಲಲ್ಲಿ ಕೂತು, ತಲೆಗೆ ತಲೆ ಕೊಟ್ಟು ನೆರಳು ಮಾಡಿದ್ದೆವು. ಕಾರ್ಡ್ ರಸ್ತೆಯ ಮೇಲೆ ಮೆಟ್ರೋದಲ್ಲಿ ಹೋಗುತ್ತಿದ್ದವರಿಗೆ ಹಾಡಹಗಲೇ ಇಸ್ಪೀಟು ನಡೆದಂತೆ ಕಂಡಿರಬೇಕು.

ಆಮೇಲೆ ಪಕ್ಕದ ಮುಚ್ಚಳ ಬಿಚ್ಚಿ ಪಾಯಿಂಟಿಗೆ ಕೈ ಹಾಕಿದರು. ಪಾಯಿಂಟಿನ ಎರಡು ತುಟಿಗಳ ನಡುವೆ ಸುಮಾರು 0.4 ಮಿಲಿಮೀಟರ್ ಸಂದಿ ಇರಬೇಕು. ಅದನ್ನು ಅಳೆಯುವ ಗೇಜನ್ನು ಪಂಡಿತರು ಒಪ್ಪುವುದಿಲ್ಲ. ಅವರ ಬಳಿ ಹಿರಿಯ ಮಗಳ ಲಗ್ನಪತ್ರಿಕೆಯ ಒಂದು ತುಂಡಿದೆ, ಅದು ಸಡಿಲವಾಗಿ ತೂರಿದರೆ ಸಂದಿ ಸರಿ. ಮಗಳ ಮಗ ಈಗ ಪಿಯುಸಿ, ಲಗ್ನಪತ್ರಿಕೆ ಇನ್ನೂ ಸೇವೆಯಲ್ಲಿದೆ. ಬೆಂಕಿಪೊಟ್ಟಣದ ಗೀರುವ ಪಟ್ಟಿಯಿಂದ ಪ್ಲಗ್ಗನ್ನೂ, ಉಪ್ಪುಕಾಗದದಿಂದ ಪಾಯಿಂಟನ್ನೂ ಉಜ್ಜುತ್ತಾ ಕಂಡೆನ್ಸರಿನ ಮಹಿಮೆ ಹೇಳಿದರು. "ಕಂಡೆನ್ಸರ್ ಹೋಗಿದ್ರೆ ತಣ್ಣಗಿದ್ದಾಗ ಹೊರಡುತ್ತೆ, ಬಿಸಿಯಾದ್ರೆ ನಡುರಸ್ತೇಲಿ ಕೈ ಕೊಡುತ್ತೆ, ಅರ್ಧ ಗಂಟೆ ಸುಮ್ನೆ ಬಿಟ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಹೊರಡುತ್ತೆ. ನಮ್ಮ ಬಾಮೈದನ ಥರ." ಅವರ ಬಾಮೈದನನ್ನು ಕಂಡಿಲ್ಲದವರೂ ತಲೆಯಾಡಿಸಿದರು.

ಅಷ್ಟರಲ್ಲಿ ಚೇತಕ್ ಪಂಥದವರೊಬ್ಬರು ಬಂದರು. ಈ ಪಂಥದವರ ಬಳಿ ಎಲ್ಲ ರೋಗಕ್ಕೂ ಒಂದೇ ಮದ್ದು: ವಾಲಿಸು. ಬಜಾಜ್ ಚೇತಕ್ಕನ್ನು ಒಂದು ಕಡೆ ವಾಲಿಸಿ ಹಿಡಿದು, ಆಮೇಲೆ ನೆಟ್ಟಗೆ ಮಾಡಿ ಒದೆಯುವ ದೃಶ್ಯ ನಮ್ಮ ವಯಸ್ಸಿನವರ ಕಣ್ಣಲ್ಲಿ ಇನ್ನೂ ಇದೆ. ಅದು ಮೂಢನಂಬಿಕೆಯೇನಲ್ಲ. ಟ್ಯಾಂಕಿನ ತಳದ ಪೆಟ್ರೋಲು ಸರಿದು ಪೈಪಿನ ಬಾಯಿಗೆ ಬರುತ್ತಿತ್ತು, ಕಾರ್ಬೊರೇಟರಿನ ಬಟ್ಟಲು ತುಳುಕಿ ಎಂಜಿನ್ನಿಗೆ ಒಂದು ಗುಟುಕು ಹೆಚ್ಚು ಸಿಗುತ್ತಿತ್ತು. 1972ರಲ್ಲಿ ಬಂದ ಆ ಸ್ಕೂಟರಿನ ತಯಾರಿಕೆ ಎಂದೋ ನಿಂತರೂ ವಾಲಿಸುವವರು ಉಳಿದುಕೊಂಡಿದ್ದಾರೆ. ಅವರು ನನ್ನ ಯೆಜ್ಡಿಯನ್ನೂ ವಾಲಿಸಲು ಅಣಿಯಾದರು. ನಾಲ್ಕು ಜನ ಸೇರಿ ಅವರನ್ನು ತಡೆದೆವು.

ಹೂವಿನ ಬುಟ್ಟಿ ಹೊತ್ತು ಆ ದಾರಿಯಲ್ಲಿ ಬಂದ ಹೂವಮ್ಮ ಸ್ವಲ್ಪ ಹೊತ್ತು ನಿಂತು ನೋಡಿ, "ಅಣ್ಣಾ, ಕೆಳಗಿನ ನಲ್ಲಿ ತಿರುವಿದ್ದೀರಾ? ನಮ್ಮ ಯಜಮಾನ್ರದ್ದೂ ಇದೇ ಗಾಡಿ ಇತ್ತು" ಎಂದರು.

ತಿರುವಿರಲಿಲ್ಲ. ಹಿಂದಿನ ರಾತ್ರಿ ನಾನೇ ಮುಚ್ಚಿದ್ದೆ. ಪೆಟ್ರೋಲ್ ಇದೆಯೇ ಎಂದು ಪಂಡಿತರು ಕೇಳಿದ್ದು ಸರಿ, ಇದೆ ಎಂದು ನಾನು ಹೇಳಿದ್ದೂ ಸರಿ, ಇಬ್ಬರೂ ಸೇರಿ ತಪ್ಪಾಗಿದ್ದೆವು. ನಲ್ಲಿ ಬಿಟ್ಟೆ, ಕಾರ್ಬೊರೇಟರಿನ ಗುಂಡಿ ಒತ್ತಿ ಬೆರಳಿಗೆ ಪೆಟ್ರೋಲು ಹತ್ತುವವರೆಗೆ ಕಾದೆ, ಒದ್ದೆ. ಎರಡನೇ ಒದೆತಕ್ಕೆ ಎರಡೂ ಸೈಲೆನ್ಸರುಗಳು ಧೂಪ ಹಾಕಿದವು. ಪಂಡಿತರು ಹೊಗೆಯ ಆಚೆಯಿಂದ ಕೂಗಿದರು: "ನೋಡ್ದ್ಯಾ? ಪಾಯಿಂಟ್ ಉಜ್ಜಿದ್ದಕ್ಕೇ ಎರಡೇ ಕಿಕ್ಕಿಗೆ ಬಂತು!"

ಆ ಭಾನುವಾರದ ಗಾಯ ಅವರೊಳಗೆ ಮಾಯ್ದಿರಲಿಲ್ಲ ಎಂದು ನನಗೆ ಗೊತ್ತಾಗಿದ್ದು ಹೋದ ಬೇಸಿಗೆಯಲ್ಲಿ. ಮೈಸೂರು ರಸ್ತೆಯ ಕಡೆಯ ಯಾವುದೋ ರೆಸಾರ್ಟಿನವರು ಮಕ್ಕಳ ಆಟಕ್ಕಿಟ್ಟ ಹಳೆಯ ಎಟಿವಿಯೊಂದನ್ನು ಟೆಂಪೋದಲ್ಲಿ ರಿಪೇರಿಗೆ ಒಯ್ಯುತ್ತಿದ್ದರು. ಹ್ಯಾಂಡಲ್ಲು ಬೈಕಿನದು, ಚಕ್ರ ನಾಲ್ಕು, ಟೈರು ಮರಿ ಟ್ರ್ಯಾಕ್ಟರಿನದು. ಟೀ ಕುಡಿಯಲು ಚಾಲಕ ನಮ್ಮ ಮೂಲೆಯಲ್ಲಿ ನಿಲ್ಲಿಸಿದ್ದೇ ತಪ್ಪಾಯಿತು. "ಪೆಟ್ರೋಲೇ" ಎಂದರು ಪಂಡಿತರು, ಮುಟ್ಟುವ ಮೊದಲೇ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲು ಅಂಟಾಗಿ ಜೆಟ್ಟಿನ ಕಣ್ಣು ಕಟ್ಟುತ್ತದೆ, ಅದು ನಿಜ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲು, ಅದು ನೀರು ಹೀರುತ್ತದೆ, ಹಳೆಯ ರಬ್ಬರು ತಿನ್ನುತ್ತದೆ, ಅದೂ ನಿಜ. "ಮಂಡ್ಯದ ಕಬ್ಬನ್ನೆಲ್ಲ ಗಾಡಿಗೆ ಕುಡಿಸಿದ್ರೆ ಅದು ಓಡುತ್ತೇನ್ರೀ, ತೂರಾಡುತ್ತೆ" ಎನ್ನುತ್ತಾ ಕಾರ್ಬೊರೇಟರ್ ಬಿಚ್ಚಿ, ಜೆಟ್ಟನ್ನು ಬಾಯಲ್ಲಿಟ್ಟು ಊದಿ, ಕ್ಲಚ್ ವೈರಿನ ಒಂದೆಳೆಯಿಂದ ಕಿವಿ ತೆಗೆದ ಹಾಗೆ ತೆಗೆದರು. ಎಲ್ಲ ಜೋಡಿಸಿದರೂ ಗಾಡಿ ಹೊರಡಲಿಲ್ಲ. ಟೆಂಪೋ ಚಾಲಕನ ಏಳು ವರ್ಷದ ಮಗ, ಪಕ್ಕದಲ್ಲಿ ದಾರಕ್ಕೆ ಜೋತುಬಿದ್ದಿದ್ದ ಕೆಂಪು ಬಿರಡೆಯನ್ನು ಅದರ ತೂತಿಗೆ ಸಿಕ್ಕಿಸಿ ಗುಂಡಿ ಒತ್ತಿದ. ಗುರ್ರೆಂದಿತು. ಸವಾರ ಬಿದ್ದರೆ ದಾರ ಎಳೆದು ಬಿರಡೆ ಕಿತ್ತುಬರಲಿ, ಕಿಡಿ ನಿಲ್ಲಲಿ, ಎಂಜಿನ್ನು ಆರಲಿ ಎಂದು ಮಾಡಿದ ಏರ್ಪಾಡದು. ಅಂದರೆ ಆವತ್ತು ಕರೆಂಟೇ ಆಗಿತ್ತು.

ಪಂಡಿತರು ಒಂದು ವಾರ ಗೇಟಿನಾಚೆ ಬರಲಿಲ್ಲ.

ಕಾಲವೂ ಅವರಿಗೆ ಕೆಟ್ಟದ್ದೇ. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಬಂದ ಮೇಲೆ ಹೊಸ ಗಾಡಿಗಳಲ್ಲಿ ಕಾರ್ಬೊರೇಟರು ಬಹುಮಟ್ಟಿಗೆ ಮಾಯವಾಯಿತು. ಈಗ ಮೀಟರಿನಲ್ಲಿ ಹಳದಿ ದೀಪ ಹತ್ತಿಕೊಂಡು ಗಾಡಿ ತನ್ನ ಕಾಯಿಲೆಯನ್ನು ತಾನೇ ಹೇಳಿಕೊಳ್ಳುತ್ತದೆ. ರೋಗಿಯೇ ಎಲ್ಲ ಹೇಳಿಬಿಟ್ಟರೆ ನಾಡಿ ಹಿಡಿಯುವವರೇನು ಮಾಡಬೇಕು? ತಲೆಯ ಮೇಲಿನ ಮೆಟ್ರೋವಂತೂ 2015ರ ನವೆಂಬರಿನಿಂದ ಓಡುತ್ತಿದೆ, ಒಂದು ದಿನವಾದರೂ ಸೌಜನ್ಯಕ್ಕೆ ಅವರ ಮನೆಯ ಮುಂದೆ ಕೆಟ್ಟು ನಿಂತಿಲ್ಲ.

ಮೊನ್ನೆ ಸಂಜೆ ಒಂದು ಎಲೆಕ್ಟ್ರಿಕ್ ಸ್ಕೂಟರ್ ಅವರ ಗೇಟಿನೆದುರೇ ನಿಂತಿತು. ಒದೆತವಿಲ್ಲ, ಸದ್ದಿಲ್ಲ. ಆದರೂ ಪಂಡಿತರು ಬಂದರು. ಹುಡುಗಿಯೊಬ್ಬಳು ಬೆವರು ಒರೆಸಿಕೊಳ್ಳುತ್ತಿದ್ದಳು. ಅವರು ಸ್ಪ್ಯಾನರ್ ಹಿಡಿದು ಗಾಡಿಗೆ ಎರಡು ಪ್ರದಕ್ಷಿಣೆ ಹಾಕಿದರು, ಬಗ್ಗಿ ನೋಡಿದರು, ಹಿಂದಿನಿಂದ ನೋಡಿದರು. ಅಭ್ಯಾಸಬಲದಿಂದ "ಪೆಟ್ರೋ..." ಎಂದು ಬಾಯಿಗೆ ಬಂದದ್ದನ್ನು ನುಂಗಿದರು.

"ಇದರ ಪ್ಲಗ್ ಎಲ್ಲಿದೆಯಮ್ಮಾ?"

"ಮನೇಲಿದೆ ಅಂಕಲ್, ಗೋಡೇಲಿ. ರಾತ್ರಿ ಚಾರ್ಜಿಗೆ ಹಾಕೋದು ಮರ್ತ್‌ಬಿಟ್ಟೆ."

ಪಂಡಿತರ ಬೆನ್ನು ಮೆಲ್ಲಗೆ ನೆಟ್ಟಗಾಯಿತು. ಸುತ್ತ ನೋಡಿದರು. ನಾನಿದ್ದೆ, ಹೂವಮ್ಮ ಇದ್ದರು, ಚೇತಕ್ಕಿನವರೂ ಇದ್ದರು.

"ನಾನು ನೋಡಿದ ತಕ್ಷಣ ಅಂದ್ಕೊಂಡೆ," ಎಂದರು. "ಕರೆಂಟೇ."

ಒಳಗಿನಿಂದ ಎಕ್ಸ್‌ಟೆನ್ಷನ್ ಬಾಕ್ಸು ಬಂತು, ವೈರು ಕಾಂಪೌಂಡು ಹಾರಿತು. ಸ್ವಲ್ಪವಾದರೂ ಚಾರ್ಜಾಗಲು ಒಂದು ಗಂಟೆ ಬೇಕಂತೆ. ಪಂಡಿತರು ಕಟ್ಟೆಯ ಮೇಲಿನ ಧೂಳನ್ನು ಲುಂಗಿಯ ಅಂಚಿನಿಂದ ಒರೆಸಿದರು.

"ಕೂತ್ಕೊಳ್ಳಮ್ಮಾ, ಕಾಫಿ ತರಿಸ್ತೀನಿ. ಕಂಡೆನ್ಸರ್ ಅಂದ್ರೆ ಏನು ಅಂತ ನಿಂಗೊತ್ತಾ?"